ಕೈಯ ಗೇರೂ ಎರಡು ಕ್ಲಚ್ಚಿನ ಗೇರುಪೆಟ್ಟಿಗೆಯೂ

ಪೆಟ್ರೋಲು ಎಂಜಿನ್ನಿಗೆ ಹುಟ್ಟಿನಿಂದ ಬಂದ ಕೊರತೆಯೊಂದುಂಟು. ನಿಂತಲ್ಲಿಂದ ಗಾಡಿಯನ್ನು ಎಳೆಯುವಾಗ ಅದರಲ್ಲಿ ಸಾಕಷ್ಟು ಕಸುವಿರುವುದಿಲ್ಲ. ಸುತ್ತುಗಳ ಒಂದು ಮಿತಿಯೊಳಗೆ ಮಾತ್ರವೇ ಅದು ತನ್ನ ಪೂರ್ಣಬಲವನ್ನು ತೋರುವುದು. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಮೋಟಾರುಗಾಡಿಗೆ ಗೇರುಪೆಟ್ಟಿಗೆ ಬೇಕಾಯಿತು. ಆದರೆ ಗೇರನ್ನು ಬದಲಿಸಬೇಕಾದರೆ ಕ್ಲಚ್ಚನ್ನು ಒತ್ತಿ ಎಂಜಿನ್ನಿಗೂ ಚಕ್ರಗಳಿಗೂ ಇರುವ ಸಂಬಂಧವನ್ನು ಕಡಿದು, ಬೇರೆ ಗೇರನ್ನು ಕೂಡಿಸಿ, ಸಂಬಂಧವನ್ನು ಮರಳಿ ಕಟ್ಟಬೇಕು. ಆ ಗಳಿಗೆಯಲ್ಲಿ ಗಾಡಿ ಎಂಜಿನ್ನಿನ ಬಲವಿಲ್ಲದೆ ಹಿಂದಿನ ವೇಗದಿಂದಲೇ ಉರುಳುತ್ತಿರುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಂಪೆನಿ ತಂದ ಸಿಂಕ್ರೊಮೆಶ್ ಎಂಬ ಏರ್ಪಾಡಿನಿಂದ ಗೇರಿನ ಹಲ್ಲುಗಳ ಕರಕರ ಸದ್ದು ತಗ್ಗಿತೇ ಹೊರತು ಈ ಬಿಡುವು ತಪ್ಪಲಿಲ್ಲ. ಪೇಟೆಗೆ ಹೋಗಿಬರುವವನಿಗೆ ಇದರಿಂದ ನಷ್ಟವೇನೂ ಇಲ್ಲ. ಪಂದ್ಯದಲ್ಲಿ ಓಡುವವನ ಮಾತು ಬೇರೆ.

ಈ ಬಿಡುವನ್ನೇ ತೊಡೆದುಹಾಕುವ ಉಪಾಯವನ್ನು 1939ರಲ್ಲಿ ಕಲ್ಪಿಸಿದವನು ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಎಂಜಿನಿಯರು. ಆತನ ಬಾಳೇ ಒಂದು ಕಥೆ. ರಷ್ಯದ ತ್ಸಾರ್ ಎರಡನೆಯ ನಿಕೋಲಸನ ಮೋಟಾರುಗಳ ಮೇಲ್ವಿಚಾರಕನಾಗಿದ್ದು, ಹಿಮದ ಮೇಲೆ ಓಡುವಂತೆ ಅರಸನ ಗಾಡಿಗಳಿಗೆ ಹಿಂಚಕ್ರಗಳ ಬದಲು ಪಟ್ಟಿಗಳನ್ನು ಜೋಡಿಸಿದನು. ಕ್ರಾಂತಿಯ ಬಳಿಕ ಸ್ವದೇಶಕ್ಕೆ ಮರಳಿ ಸಿತ್ರೋಯನ್ ಕಂಪೆನಿಯನ್ನು ಸೇರಿದನು. 1922ರ ಕೊನೆಯಲ್ಲಿ ಹೊರಟು ಸಹಾರಾ ಮರುಭೂಮಿಯನ್ನು ದಾಟಿದ ಸಿತ್ರೋಯನ್ ಗಾಡಿಗಳಿಗೆ ಇದ್ದುದು ಆತನ ಪಟ್ಟಿಗಳೇ. ಹಿಮದಲ್ಲಿ ಹುಟ್ಟಿದ ಉಪಾಯ ಮರಳಿನಲ್ಲಿ ಫಲಿಸಿತು. ಎರಡು ಕ್ಲಚ್ಚುಗಳ ಉಪಾಯಕ್ಕೆ ಆ ಭಾಗ್ಯವಿರಲಿಲ್ಲ; ಯುದ್ಧ ಬಂದಿತು, 1943ರಲ್ಲಿ ಕೆಗ್ರೆಸ್ ತೀರಿಕೊಂಡನು.

ಬಾವಿಯಿಂದ ನೀರು ಸೇದುವುದನ್ನು ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಹಗ್ಗವನ್ನು ಒಂದು ಕೈ ಬಿಡುವ ಮೊದಲೇ ಮತ್ತೊಂದು ಕೈ ಹಿಡಿದಿರುತ್ತದೆ. ಕೊಡ ಎಲ್ಲಿಯೂ ನಿಲ್ಲುವುದಿಲ್ಲ. ಅದರಂತೆ ಇಲ್ಲಿ ಒಂದು ಕ್ಲಚ್ಚು ಒಂದು, ಮೂರು, ಐದನೆಯ ಗೇರುಗಳನ್ನೂ ಮತ್ತೊಂದು ಎರಡು, ನಾಲ್ಕು, ಆರನೆಯ ಗೇರುಗಳನ್ನೂ ವಹಿಸಿಕೊಂಡಿರುತ್ತವೆ. ಟೊಳ್ಳಾದ ಒಂದು ದಂಡದೊಳಗೆ ಇನ್ನೊಂದು ದಂಡ ತಿರುಗುತ್ತದೆ. ಮೂರನೆಯ ಗೇರು ಎಳೆಯುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿರುವುದರಿಂದ, ಒಂದು ಕ್ಲಚ್ಚು ಸಡಿಲುತ್ತಿರುವಂತೆಯೇ ಇನ್ನೊಂದು ಬಿಗಿಯುತ್ತದೆ.

ಈ ತತ್ತ್ವವನ್ನು ಪಂದ್ಯಕ್ಕೆ ತಂದವರು 1980ರ ದಶಕದಲ್ಲಿ ಜರ್ಮನಿಯ ಪೋರ್ಷೆ ಕಂಪೆನಿಯವರು. ಕಾರಣವೂ ಇತ್ತು. ಅವರ 956 ಮತ್ತು 962 ಗಾಡಿಗಳಲ್ಲಿದ್ದುದು ಟರ್ಬೋ ಎಂಜಿನ್ನು. ಹೊರಬೀಳುವ ಹೊಗೆಯ ಬಲದಿಂದ ತಿರುಗುವ ಗಾಲಿಯೊಂದು ಅದರೊಳಕ್ಕೆ ಗಾಳಿಯನ್ನು ಒತ್ತುತ್ತದೆ. ಗೇರು ಬದಲಿಸಲೆಂದು ಚಾಲಕನು ಕಾಲನ್ನು ಎತ್ತಿದೊಡನೆ ಆ ಒತ್ತಡ ಕುಸಿದು, ಮತ್ತೆ ಏರಲು ಹೊತ್ತು ಹಿಡಿಯುತ್ತಿತ್ತು. ಎರಡು ಕ್ಲಚ್ಚುಗಳಿದ್ದರೆ ಕಾಲನ್ನು ಎತ್ತುವ ಅಗತ್ಯವೇ ಇಲ್ಲ. 1986ರಲ್ಲಿ ಇಟಲಿಯ ಮೋಂಜಾದಲ್ಲಿ ಹಾನ್ಸ್ ಯೋಆಖಿಮ್ ಸ್ಟುಕ್ ಮತ್ತು ಡೆರೆಕ್ ಬೆಲ್ ಈ ಪೆಟ್ಟಿಗೆಯಿದ್ದ 962ರಲ್ಲಿ ಗೆದ್ದರು. ಆದರೂ ಅದು ಭಾರವಾಗಿತ್ತು, ನಂಬಿಕೆಗೂ ಸಾಲದಾಗಿತ್ತು. ಎರಡು ಹಿಡಿತಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಬಲ್ಲ ಎಲೆಕ್ಟ್ರಾನಿಕ್ ಮಿದುಳು ಆಗಿನ್ನೂ ಬಲಿತಿರಲಿಲ್ಲ.

ಅದು ಬಲಿತ ಮೇಲೆ ತಡವಾಗಲಿಲ್ಲ. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32, 2005ರಲ್ಲಿ ಬುಗಾಟಿ ವೇರಾನ್, 2007ರಲ್ಲಿ ನಿಸ್ಸಾನ್ ಜಿಟಿ-ಆರ್, 2008ರಲ್ಲಿ ಪೋರ್ಷೆ 911 ಹೀಗೆ ಒಂದರ ಹಿಂದೊಂದು ಗಾಡಿ ಇದನ್ನು ಪಡೆದವು. 2009ರ ಫೆರಾರಿ 458ಕ್ಕೆ ಕೈಯ ಗೇರು ದೊರೆಯಲೇ ಇಲ್ಲ.

ಕಲಹ ಮೊದಲಾದುದು 2013ರಲ್ಲಿ. ಪಂದ್ಯದ ಗಾಡಿಗೆ ಹತ್ತಿರದ ಬಂಧುವಾದ 911 ಜಿಟಿ3ರಿಂದಲೂ ಪೋರ್ಷೆಯವರು ಕ್ಲಚ್ಚಿನ ಪೆಡಲನ್ನು ತೆಗೆದುಹಾಕಿದರು. ಹಳೆಯ ಅಭಿಮಾನಿಗಳು ಬಹುವಾಗಿ ಗೊಣಗಿದರು. ಅದನ್ನು ಹಠವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತಿರುವಿನ ಮುಂದೆ ಬಲಗಾಲೊಂದರಿಂದಲೇ ಬ್ರೇಕನ್ನು ಒತ್ತುತ್ತ ಎಂಜಿನ್ನಿನ ಸುತ್ತನ್ನೂ ಏರಿಸಿ, ಎಡಗಾಲಿನಿಂದ ಕ್ಲಚ್ಚನ್ನು ಅದುಮಿ, ಕೈಯಿಂದ ಕೆಳಗಿನ ಗೇರಿಗೆ ಇಳಿಯುವುದು ವರ್ಷಗಳ ಅಭ್ಯಾಸದಿಂದ ಬರುವ ವಿದ್ಯೆ. ತಪ್ಪಿ ಬೇರೆ ಗೇರಿಗೆ ಬಿದ್ದರೆ ಎಂಜಿನ್ನೇ ಒಡೆದುಹೋದೀತು. ಯಂತ್ರ ಆ ಅಪಾಯವನ್ನು ತಪ್ಪಿಸಿತು. ಜೊತೆಗೆ ಆ ವಿದ್ಯೆಯನ್ನೂ ನಿರುಪಯುಕ್ತವಾಗಿಸಿತು. ಗೊಣಗಿದವರು ಅಳುತ್ತಿದ್ದುದು ಈ ಎರಡನೆಯದಕ್ಕಾಗಿ.

2016ರಲ್ಲಿ ಕಂಪೆನಿ 911 ಆರ್ ಎಂಬ ಗಾಡಿಯನ್ನು ಕೈಯ ಗೇರಿನೊಡನೆಯೇ ಹೊರತಂದಿತು. ಸಂಖ್ಯೆ 991 ಮಾತ್ರ. ಕೈ ಬದಲಾಗುತ್ತ ಅದರ ಬೆಲೆ ಹಲವು ಪಟ್ಟು ಏರಿತು. ಮರುವರ್ಷ ಜಿಟಿ3ಕ್ಕೂ ಕೈಯ ಗೇರು ಮರಳಿತು. ಒಂದೇ ಎಂಜಿನ್ನಿನ ಆ ಎರಡು ಬಗೆಯ ಗಾಡಿಗಳಿಗೆ ಕಂಪೆನಿಯೇ ಕೊಟ್ಟ ಲೆಕ್ಕ ಗಮನಾರ್ಹ: ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರು ವೇಗ ಮುಟ್ಟಲು ಎರಡು ಕ್ಲಚ್ಚಿನದಕ್ಕೆ 3.4 ಸೆಕೆಂಡು, ಕೈಯ ಗೇರಿನದಕ್ಕೆ 3.9. ಅರ್ಧ ಸೆಕೆಂಡಿನ ಆ ಸೋಲನ್ನು ತಿಳಿದೂ ಕೊಳ್ಳುವವರು ಕೈಯ ಗೇರನ್ನು ಕೊಂಡರು. ಇನ್ನು, 911ರ ಅರವತ್ತನೆಯ ವರ್ಷದ ನೆನಪಿಗೆಂದು 2023ರಲ್ಲಿ ಎಸ್/ಟಿ ಎಂಬ ಗಾಡಿಯನ್ನು ಪೋರ್ಷೆಯವರು ಪ್ರಕಟಿಸಿದರು. ಅದರ ಸಂಖ್ಯೆಯನ್ನು 1963ಕ್ಕೆ ಮಿತಗೊಳಿಸಿ, ಎಲ್ಲಕ್ಕೂ ಕೈಯ ಗೇರನ್ನೇ ಕೊಟ್ಟರು.