ಜಾವಾ ಗಾಡಿಯ ಹಿಂದ್ಲ ಸೀಟು

ಬೀಸೋಕಲ್ಲು, ಒನಕೆ, ಒಳ್ಳುಕಲ್ಲು ಎಲ್ಲಾ ಹಿತ್ಲು ಸೇರ್ಕಂಡಂಗೆ ನಮ್ಮ ಕಡೆ ಎಷ್ಟೋ ಮನೇಲಿ ಒಂದು ಹಳೇ ಮೋಟ್ರುಸೈಕಲ್ಲೂ ಕೊಟ್ಟಿಗೆ ಸೇರ್ಕಂಡೈತೆ. ಮೇಲೆ ಗೋಣಿಚೀಲ, ಅದರ ಮೇಲೆ ಕೋಳಿ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಯಾವ ತಾಲೂಕಿಗೇ ಹೋಗಿ, ಅರವತ್ತು ದಾಟಿದ ಹೆಂಗಸರನ್ನ ಕೇಳಿ. ಅವರ ಕಾಲದಲ್ಲಿ ಮೋಟ್ರುಸೈಕಲ್ ಅಂದ್ರೆ ಬುಲೆಟ್, ರಾಜದೂತ್, ಜಾವಾ, ಇಷ್ಟೇ. ಅದರಲ್ಲೂ ಜಾವಾ ಅಂದ್ರೆ ನಮ್ಮದು ಅನ್ನೋ ಅಭಿಮಾನ, ಯಾಕಂದ್ರೆ ಅದು ಮೈಸೂರಲ್ಲೇ ತಯಾರಾಗ್ತಿತ್ತು.

ನಮ್ಮನೇಲೂ ಒಂದೈತೆ, 1968ರದು. ನಮ್ಮ ಮಾವನವರು ತೀರಿಕೊಂಡ ಮೇಲೆ ಅದನ್ನ ಏನು ಮಾಡೋದು ಅಂತ ಮನೇಲಿ ದೊಡ್ಡ ಮಾತೇ ಆಯ್ತು. ಆ ಮಾತಿನಿಂದ ಗಾಡಿ ರಿಪೇರಿ ಆಯ್ತು, ರಿಪೇರಿಯಿಂದ ಮನೆ ಚರಿತ್ರೆ ಒಂದಷ್ಟು ಹೊರಗೆ ಬಂತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಈ ಗಾಡಿ ನಮ್ಮ ದೇಶಕ್ಕೆ ಬಂದ ಕತೆ. ಜಾವಾ ಅನ್ನೋದು ನಾವು ಅಂದ್ಕಂಡಂಗೆ ದ್ವೀಪದ ಹೆಸರಲ್ಲ. ಪ್ರಾಗ್ ಊರಿನ ಯಾನೆಚೆಕ್ ಅನ್ನೋರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟ್ರುಸೈಕಲ್ ತಯಾರಿಸೋ ಹಕ್ಕನ್ನ ಕೊಂಡ್ಕಂಡ್ರು. ತಮ್ಮ ಹೆಸರಿನ ಮೊದಲ ಎರಡಕ್ಷರ, ಆ ಕಂಪನಿ ಹೆಸರಿನ ಮೊದಲ ಎರಡಕ್ಷರ ಸೇರಿಸಿ ಜಾವಾ ಅಂತ ಇಟ್ರು. ಗಂಡಿನ ಕಡೆ, ಹೆಣ್ಣಿನ ಕಡೆ ಎರಡೂ ಹೆಸರು ಕೂಡಿಸಿ ಮಗೂಗೆ ಹೆಸರಿಟ್ಟಂಗೆ. ನಮ್ಮ ದೇಶಕ್ಕೆ ಮೊದಲು ಅದನ್ನ ಹೊರಗಿಂದ ತರಿಸಿ ಮಾರ್ತಿದ್ದೋರು ಮುಂಬಯಿಯ ಇರಾನಿ ಮನೆತನದೋರು. ಹೊರಗಿಂದ ಗಾಡಿ ತರಿಸೋದನ್ನ ಸರ್ಕಾರ ಬಿಗಿ ಮಾಡಿದ ಮೇಲೆ, ಇಲ್ಲೇ ಮಾಡೋಣ ಅಂತ 1960ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುಮಾಡಿದ್ರು. ರುಸ್ತುಂ ಇರಾನಿ, ಫರೂಕ್ ಇರಾನಿ ಅದನ್ನ ನಡೆಸಿದೋರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಉದ್ಘಾಟನೆ ಮಾಡಿದ್ರು.

1973ರಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಅಂತಾಯ್ತು. ನಮ್ಮ ಮೈಸೂರು ರಾಜ್ಯ ಕರ್ನಾಟಕ ಆದದ್ದೂ ಅದೇ ವರ್ಷ. ಅದ್ಕೇ ನಮ್ಮ ಅತ್ತೆ, ‘ನಮ್ಮ ಗಾಡಿ ಮೈಸೂರು ರಾಜ್ಯದ ಗಾಡಿ, ಅದರ ಮೇಲೆ ಜಾವಾ ಅಂತೈತೆ, ನಂಬರು ಎಂವೈಯಿಂದ ಶುರುವಾಗ್ತೈತೆ’ ಅಂತ ಈಗ್ಲೂ ಹೇಳ್ತಾರೆ. 1985ರ ಹೊತ್ತಿಗೆ ಹೀರೋ ಹೋಂಡಾ ಬಂತು, ಲೀಟರಿಗೆ ಜಾಸ್ತಿ ದೂರ ಓಡ್ತು. ಆಮೇಲೆ ಹೊಗೆ ಕಾನೂನು ಬಿಗಿಯಾಯ್ತು. ಎಣ್ಣೆ ಬೆರೆಸಿದ ಪೆಟ್ರೋಲ್ ಕುಡಿಯೋ ಟೂ ಸ್ಟ್ರೋಕ್ ಗಾಡಿಗೆ ಅದು ಕಷ್ಟದ ಕಾಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಲ್ಲಿ ಹೊಸ ಗಾಡಿ ಬಂದೈತೆ, ಆದ್ರೆ ಅದು ಮೈಸೂರಿಂದಲ್ಲ, ಮಧ್ಯಪ್ರದೇಶದ ಪೀತಂಪುರದಿಂದ.

ಇನ್ನು ನಮ್ಮನೆಗೆ ಬಂದದ್ದು. ಮಾವನವರು ಮೇಷ್ಟ್ರು. ಕೆಲ್ಸ ಪಾವಗಡ ತಾಲೂಕಲ್ಲಿ, ಮನೆ ಜಮೀನು ಮಧುಗಿರಿ ಕಡೆ. ಪಾವಗಡ ಅಂದ್ರೆ ನಿಮಗೆ ಗೊತ್ತಲ್ಲ, ಮೂರು ದಿಕ್ಕಿಗೂ ಆಂಧ್ರ. ಆಗ ಬಸ್ಸು ಹೊತ್ತಿಗೊಂದು, ಅದು ತಪ್ಪಿದ್ರೆ ಅಲ್ಲೇ ರಾತ್ರಿ. ಸ್ಕೂಟರ್ ಬೇಕು ಅಂದ್ರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯ್ಬೇಕು. ಹಂಗಾಗಿ 1976ರಲ್ಲಿ ಒಬ್ಬರ ಹತ್ರ ಹಳೇ ಜಾವಾ ಸಿಕ್ಕಾಗ ಬಿಡ್ಲಿಲ್ಲ. ದುಡ್ಡು? ಅವತ್ತಿನ ಕಡ್ಲೆಕಾಯಿ ಬೆಳೆ ಮಳೆ ಇಲ್ದೆ ಹೋಗಿತ್ತು. ನಮ್ಮ ಅತ್ತೆ ತಮ್ಮ ತೌರಿನೋರು ಇಕ್ಕಿದ್ದ ಗುಂಡಿನ ಸರ ಬಿಚ್ಚಿ ಕೊಟ್ರು. ಈ ಮಾತು ನಮಗೆ ಯಾರಿಗೂ ಗೊತ್ತಿರ್ಲಿಲ್ಲ. ಆರ್‌ಸಿ ಬುಕ್ಕಲ್ಲಿ ಮಾವನವರ ಹೆಸರೈತೆ, ಸರದ ಲೆಕ್ಕ ಎಲ್ಲೂ ಬರೆದಿಲ್ಲ.

ನಮ್ಮ ಹೆಂಗಸರಿಗೆ ಜಾವಾ ಅಂದ್ರೆ ಹಿಂದ್ಲ ಸೀಟು. ಎರಡು ಕಾಲೂ ಎಡಕ್ಕೆ ಇಳಿಬಿಟ್ಟು, ಮಡಿಲಲ್ಲಿ ಒಂದು ಮಗು, ಮುಂದೆ ಟ್ಯಾಂಕಿನ ಮೇಲೆ ಇನ್ನೊಂದು. ದಂಡಿನ ಮಾರಮ್ಮನ ಜಾತ್ರೆಗೆ, ಗೊರವನಹಳ್ಳಿ ಲಕ್ಷ್ಮಮ್ಮನ ಗುಡಿಗೆ, ಪಾವಗಡದ ಶನಿಮಹಾತ್ಮನಿಗೆ, ತೌರಿನ ಹಬ್ಬಕ್ಕೆ, ಹೆರಿಗೆ ಆಸ್ಪತ್ರೆಗೆ, ಎಲ್ಲಾ ಇದರ ಮೇಲೇ. ಆ ಹಳೇ ಜಾವಾಕ್ಕೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು, ಆ ಕಡೆಗೊಂದು ಈ ಕಡೆಗೊಂದು. ಬುಲೆಟ್ಟಿಗಾದ್ರೆ ಬಲಗಡೆ ಒಂದೇ. ಎಡಗಡೆ ಕಾಲಿಟ್ಟು ಕೂತೋರಿಗೆ ಜಾವಾದ ಎಡಗಡೆ ಸೈಲೆನ್ಸರ್ ಸುಡ್ತಿತ್ತು. ನಮ್ಮತ್ತೆ ಮೀನಖಂಡದ ಮೇಲೆ ಎಲಚಿಹಣ್ಣಿನಷ್ಟು ಕಪ್ಪು ಕಲೆ ಐತೆ. ನಿಮ್ಮ ಚಿಕ್ಕಮ್ಮ, ದೊಡ್ಡಮ್ಮನ ಕಾಲು ನೋಡ್ರಮ್ಮ, ಅಲ್ಲೂ ಇರ್ಬೋದು.

ಸೆರಗು ಚಕ್ರಕ್ಕೆ ಸಿಕ್ಕೋ ಭಯ ಅದಕ್ಕಿಂತ ದೊಡ್ಡದು. ಜಾವಾದ ಚೈನಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಇದ್ದದ್ದರಿಂದ ಆ ಕಡೆ ಅಷ್ಟು ಯೋಚನೆ ಇಲ್ಲ. ಕಡ್ಡಿಗಳ ಕಡೆಗೆ ಮಾತ್ರ ಸೀರೆ ಗಾರ್ಡ್ ಬೇಕೇ ಬೇಕು. ಇದು ಬರೀ ಶೋಕಿ ಅಂದ್ಕಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಅದನ್ನೇ ಹೇಳ್ತೈತೆ: ಹಿಂದೆ ಕೂರೋಕೆ ಜಾಗ ಇರೋ ಗಾಡಿಗೆ ಹಿಡ್ಕೊಳ್ಳೋಕೆ ಹಿಡಿ, ಕಾಲಿಡೋಕೆ ಮೆಟ್ಟು, ಕೂತೋರ ಬಟ್ಟೆ ಸಿಕ್ಕದಂಗೆ ಹಿಂದ್ಲ ಚಕ್ರದ ಅರ್ಧಕ್ಕಾದ್ರೂ ಮರೆ ಇರ್ಲೇಬೇಕು. ಹಿಂದ್ಲ ಸೀಟಿಗೆ ಅಂತ್ಲೇ ಕಾನೂನಿನಲ್ಲಿ ಇಷ್ಟು ಬರ್ದವ್ರೆ ಅಂತ ತಿಳಿದಾಗ ನನಗೆ ಸಂತೋಷವೇ ಆಯ್ತು.

ಮಾವನವರು ಹೋದ ಮೇಲೆ ಮೈದುನ ಗುಜರಿಗೆ ಹಾಕೋಣ ಅಂದ. ನಮ್ಮ ಹುಡುಗ, ಮೆಕ್ಯಾನಿಕಲ್ ಓದ್ತಾ ಇರೋನು, ಬ್ಯಾಡ ನಾನು ರಿಪೇರಿ ಮಾಡ್ತೀನಿ ಅಂದ. ಆದ್ರೆ ಅವನ ಮನಸ್ಸಲ್ಲಿದ್ದದ್ದು ಬೇರೆ: ಹಿಂದ್ಲ ಮಡ್‌ಗಾರ್ಡ್ ಕುಯ್ದು, ಹಿಂದ್ಲ ಸೀಟು ತೆಗ್ದು, ಒಂಟಿ ಸೀಟು ಇಟ್ಟು, ಕರೀ ಬಣ್ಣ ಹೊಡ್ದು ಫೋಟೋದಲ್ಲಿ ನೋಡಿದಂಗೆ ಮಾಡೋದು. ಅತ್ತೆ ಜಗಲಿ ಮೇಲೆ ಹುಣಸೇಹಣ್ಣು ಜಜ್ಜುತ್ತಾ ಕೇಳ್ತಿದ್ರು. ಆಮೇಲೆ ಹೇಳಿದ್ದು ಒಂದೇ ಮಾತು: ‘ಕುಯ್ಯಪ್ಪ, ಕುಯ್ಯಿ. ನನ್ನ ಸರ ಕುಯ್ದು ತಂದದ್ದು, ನನ್ನ ಸೀಟೂ ಕುಯ್ದ್ಬುಡು.’ ಸರದ ಕತೆ ಅವತ್ತೇ ಹೊರಗೆ ಬಂದದ್ದು. ಹುಡುಗ ಸುಮ್ನಾದ.

ಕಾನೂನೂ ಅತ್ತೆ ಕಡೆಗೇ ಇತ್ತು ಅನ್ನಿ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿದ ಮೂಲ ಸ್ವರೂಪ ಬದಲಾಯಿಸೋ ಹಂಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡಿ ಹೇಳ್ತು. ಬಣ್ಣ ಬದಲಾಯಿಸಬೌದು, ಆದ್ರೆ ಆರ್‌ಸಿಯಲ್ಲಿ ದಾಖಲು ಮಾಡಿಸ್ಬೇಕು. ಅದ್ಕೇ ಮನೇಲಿ ಒಂದು ತೀರ್ಮಾನಕ್ಕೆ ಬಂದ್ವಿ. ಕಬ್ಬಿಣ ಯಾವುದನ್ನೂ ಕುಯ್ಯೋದು ಬ್ಯಾಡ. ಅನುಕೂಲಕ್ಕೆ ಏನು ಬೇಕೋ ಅಷ್ಟೇ ಮಾಡೋದು.

ಕೆಲ್ಸ ನಮ್ಮ ಹಿತ್ಲಲ್ಲೇ ನಡೀತು, ನಾಕು ತಿಂಗಳು. ಮೊದಲು ಪ್ರತಿಯೊಂದು ಭಾಗ ಬಿಚ್ಚೋ ಮುಂಚೆ ಫೋಟೋ. ಬಿಚ್ಚಿದ ಬೋಲ್ಟು, ವಾಷರ್‌ಗಳನ್ನ ನಾನು ಹಳೇ ಹಾರ್ಲಿಕ್ಸ್ ಸೀಸೆಗಳಿಗೆ ಹಾಕಿ ಚೀಟಿ ಅಂಟಿಸ್ದೆ, ಬೇಳೆ ಡಬ್ಬಕ್ಕೆ ಅಂಟಿಸ್ತೀವಲ್ಲ ಹಂಗೆ. ಇಂಜಿನ್ ಹಿಡ್ಕಂಡಿತ್ತು. ಪ್ಲಗ್ಗಿನ ತೂತಿಗೆ ಡೀಸೆಲ್ ಹಾಕಿ ಒಂದು ವಾರ ಬಿಟ್ಟು ನಿಧಾನಕ್ಕೆ ಅಲ್ಲಾಡಿಸಿದ್ರೆ ಬಂತು. ಆ ಇಂಜಿನ್ನಿನ ಬೋರು 65 ಮಿಲಿಮೀಟರ್. ಅದು ಸವೆದಿತ್ತು, ಬೋರ್ ಹೊಡೆಸಿ ದಪ್ಪ ಪಿಸ್ಟನ್ ಹಾಕಿಸಿದ್ವಿ. ಅದೊಂದು ಮನೇಲಿ ಆಗೋ ಕೆಲ್ಸ ಅಲ್ಲ, ತುಮಕೂರಿಗೆ ಹೋಯ್ತು. ಕ್ರೋಮ್ ಕೆಲ್ಸ ಬೆಂಗಳೂರಿಗೆ ಹೋಯ್ತು, ಕೆಲವು ಸಾಮಾನು ಅಲ್ಲೇ ಜೆಸಿ ರೋಡಲ್ಲಿ ಸಿಕ್ತು. ಆಯಿಲ್ ಸೀಲು ಮರೀಬ್ಯಾಡ್ರಿ ಅಂತ ಮೇಸ್ತ್ರಿ ಹೇಳಿದ್ರು. ಅದು ಹಳೇದಾದ್ರೆ ಗೇರ್ ಎಣ್ಣೆ ಇಂಜಿನ್ನಿಗೆ ಸೋರಿ, ಬಿಳೀ ಹೊಗೆ ಬಿಡ್ತೈತೆ.

ಟ್ಯಾಂಕಿನ ಒಳಗಿನ ತುಕ್ಕು ತೆಗ್ಯೋದು ನನ್ನ ಪಾಲಿಗೆ ಬಂತು. ಹಿತ್ತಾಳೆ ಬಿಂದಿಗೆಗೆ ಹುಣಸೇಹಣ್ಣು ಹಾಕೋ ಕೈಗೆ ಇದೇನು ಕಷ್ಟ? ಹುಳಿ ತುಕ್ಕನ್ನ ಕರಗಿಸ್ತೈತೆ, ಅಷ್ಟೇ ವಿದ್ಯೆ. ಟ್ಯಾಂಕಿಗೆ ಹುಣಸೇ ನಾರು ಸಿಕ್ಕಬಾರದು ಅಂತ ಅಂಗಡೀಲಿ ಸಿಗೋ ನಿಂಬೆ ಉಪ್ಪು ಬಿಸಿನೀರಲ್ಲಿ ಕರಗಿಸಿ ತುಂಬಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಕೆಂಪು ನೀರು ಚೆಲ್ಲಿ, ಸಣ್ಣ ಜಲ್ಲಿ ಹಾಕಿ ಕುಲುಕಿ, ಆಮೇಲೆ ಅಡಿಗೆ ಸೋಡಾ ನೀರಲ್ಲಿ ತೊಳೆದೆ. ಸೋಡಾ ಹಾಕ್ದಿದ್ರೆ ಹುಳಿ ಉಳಿದು ಮತ್ತೆ ತುಕ್ಕು ಹಿಡೀತೈತೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ತಕ್ಷಣ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ ಒಳಗೆಲ್ಲಾ ಆಡಿಸ್ಬೇಕು. ಇದೆಲ್ಲಾ ಒಲೆ, ದೀಪ, ಬೀಡಿಯಿಂದ ದೂರ, ಹೊರಗೇ ಮಾಡ್ಬೇಕು ಅನ್ನೋದನ್ನ ನೆನಪಿಟ್ಕೊಳ್ಳಿ.

ಬಣ್ಣ ತಿಕ್ಕೋವಾಗ ನಿಜವಾದ ಚರಿತ್ರೆ ಸಿಕ್ತು. ಮೇಲೆ ನೀಲಿ: ಅದು ನಾದಿನಿ ಮದುವೆಗೆ ಹೊಡೆಸಿದ್ದು. ಅದರ ಕೆಳಗೆ ಬ್ರಷ್ಷಲ್ಲಿ ಹೊಡೆದ ಹಸಿರು: ಬರಗಾಲದ ವರ್ಷ, ಮನೆ ಬಾಗಿಲಿಗೆ ತಂದ ಬಣ್ಣ ಮಿಕ್ಕಿದ್ದು. ಅದರ ಕೆಳಗೆ ಕಂಪನಿಯ ಮೆರೂನ್. ಎಡಗಡೆ ಹಿಂದ್ಲ ಮಡ್‌ಗಾರ್ಡ್ ಮೇಲೆ ಮಾತ್ರ ಒಂದು ಜಾಗದಲ್ಲಿ ಮೂರೂ ಪದರ ಸವೆದು ಬರೀ ಕಬ್ಬಿಣ ಹೊಳೀತಿತ್ತು. ಅತ್ತೆ ಕಾಲಿನ ಹಿಮ್ಮಡಿ, ಸೀರೆ ಅಂಚು ವರ್ಷಗಟ್ಟಲೆ ಉಜ್ಜಿದ ಜಾಗ. ಆರ್‌ಸಿ ಬುಕ್ಕು ಬರೀದೇ ಬಿಟ್ಟದ್ದನ್ನ ಆ ತಗಡು ಬರ್ಕಂಡಿತ್ತು. ಹುಡುಗ ಅದರ ಫೋಟೋ ತೆಗೆದು ಆಮೇಲೆ ಮೆರೂನ್ ಹೊಡ್ದ.

ಬದಲಾವಣೆ ಅಂತ ನಾವು ಮಾಡಿದ್ದೆಲ್ಲಾ ಹಿಂದ್ಲ ಸೀಟಿಗೇ. ಅತ್ತೆಗೆ ಮಂಡಿನೋವು, ಅದ್ಕೆ ಸೀಟಿಗೆ ಮೆತ್ತನೆ ದಪ್ಪ ದಿಂಬು ಹೊಲಿಸಿದ್ವಿ. ಎರಡು ಕಾಲೂ ಒಟ್ಟಿಗೆ ಇಡೋಹಂಗೆ ಅಗಲವಾದ ಮೆಟ್ಟು. ಸೀರೆ ಗಾರ್ಡ್ ಹೊಸದು. ಎಡಗಡೆ ಸೈಲೆನ್ಸರಿಗೆ ತೂತು ತೂತಿನ ತಗಡಿನ ಮರೆ, ಬೋಲ್ಟಲ್ಲಿ ಕೂರಿಸಿದ್ದು, ಬೇಕಾದ್ರೆ ಬಿಚ್ಚಬೌದು.

ಕೊನೆಗೆ ಕಾಗದಪತ್ರ. ಗಾಡಿ ಯಜಮಾನ ತೀರಿಕೊಂಡ್ರೆ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕ್ಬೇಕು. ಈಗ ಮಧುಗಿರಿಯಲ್ಲೇ ಕಚೇರಿ ಐತೆ, ಕೆಎ 64, ತುಮಕೂರಿಗೆ ಅಲೀಬೇಕಿಲ್ಲ. 50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಅಂತ ಬೇರೆ ಐತೆ, ನಂಬರಲ್ಲಿ ವಿಎ ಅಂತ ಬರ್ತೈತೆ, ಶುಲ್ಕ 20,000 ರೂಪಾಯಿ. ಆದ್ರೆ ಅದನ್ನ ಪ್ರದರ್ಶನಕ್ಕೆ, ರ‍್ಯಾಲಿಗೆ ಓಡಿಸಬೌದು, ದಿನಾ ಸಂತೆಗೆ ಓಡಿಸೋ ಹಂಗಿಲ್ಲ. ನಮಗೆ ಬೇಕಿದ್ದದ್ದು ಸಂತೆಗೆ ಹೋಗೋ ಗಾಡಿ. ಮಾವನವರು ಐದೈದು ವರ್ಷಕ್ಕೂ ತಪ್ಪದೆ ನವೀಕರಣ ಮಾಡಿಸಿದ್ದರಿಂದ ಹಳೇ ನೋಂದಣಿನೇ ಉಳಿಸ್ಕಂಡ್ವಿ.

ಯಾರ ಹೆಸರಿಗೆ ಅನ್ನೋ ಪ್ರಶ್ನೆ ಬಂದಾಗ ಇಬ್ಬರು ನಾದಿನಿಯರು, ಮೈದುನ, ನಮ್ಮ ಯಜಮಾನರು ಎಲ್ಲಾ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದ್ರು. ಜಾವಾ ಈಗ ಅತ್ತೆ ಹೆಸರಲ್ಲೈತೆ. ಕಾರ್ಡು ಬಂದ ದಿನ ಅದನ್ನ ಕಣ್ಣಿಗೊತ್ಕಂಡು, ದೇವರ ಮನೆಯಲ್ಲಿ ಕುಂಕುಮದ ಭರಣಿ ಕೆಳಗೆ ಇಟ್ರು. ‘ಸರ ವಾಪಸ್ ಬಂತು ಬಿಡು’ ಅಂತ ನಕ್ರು.

ನಿಮ್ಮನೆ ಕೊಟ್ಟಿಗೇಲೂ ಗಾಡಿ ಇದ್ರೆ ಗುಜರಿಯೋನು ಬರೋ ಮುಂಚೆ ಎರಡು ಕೆಲ್ಸ ಮಾಡ್ರಮ್ಮ. ಆರ್‌ಸಿ ಬುಕ್ಕು ಎಲ್ಲೈತೆ ಹುಡುಕಿ ಇಟ್ಕೊಳ್ಳಿ. ಆಮೇಲೆ ಮನೆಯ ಹಿರೀ ಹೆಂಗಸರನ್ನ ಕೂರಿಸ್ಕಂಡು, ಅದನ್ನ ಯಾವ ದುಡ್ಡಲ್ಲಿ ತಂದ್ರು, ಮೊದಲು ಎಲ್ಲಿಗೆ ಹೋದ್ರು ಅಂತ ಕೇಳಿ ಒಂದು ನೋಟ್‌ಬುಕ್ಕಲ್ಲಿ ಬರ್ದಿಡಿ. ಮಾರಮ್ಮನ ಜಾತ್ರೇಲಿ ಸಿಕ್ಕಾಗ ನಂಗೂ ಹೇಳಿ.