ಟಚ್‌ಸ್ಕ್ರೀನ್ ಕಾರ್ ಸ್ಟೀರಿಯೊ

ಕಾರಿನ ಡ್ಯಾಶ್‌ಬೋರ್ಡಿನೊಳಗೆ ಕೂರುವ, ಪರದೆ ಮುಟ್ಟಿ ನಡೆಸುವ ಸಂಗೀತ ಸಾಧನ. ರೇಡಿಯೊ, ಬ್ಲೂಟೂತ್ ಕರೆ, ದಾರಿ ತೋರುವ ನಕ್ಷೆ, ಹಿಂಬದಿ ಕ್ಯಾಮೆರಾದ ಚಿತ್ರ ಎಲ್ಲ ಇದರಲ್ಲೇ. ಕಾರುಗಳ ಬೇಸ್ ಮಾಡೆಲ್‌ಗಳಿಗೆ ಪರದೆಯಿರುವ ಸ್ಟೀರಿಯೊ ಸಾಮಾನ್ಯವಾಗಿ ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕರೋಲ್ ಬಾಗ್‌ನಂಥ ಕಡೆ ಇದರ ವ್ಯಾಪಾರ ಬೆಳೆದದ್ದು ಬಹುಮಟ್ಟಿಗೆ ಆ ಕೊರತೆಯಿಂದಲೇ.

ಇತಿಹಾಸ: ಅಮೆರಿಕದ ಗಾಲ್ವಿನ್ ಸಂಸ್ಥೆ 1930ರಲ್ಲಿ ಮೋಟೊರೋಲಾ ಹೆಸರಿನ ಕಾರ್ ರೇಡಿಯೊ ತಂದಿತು. ಮುಟ್ಟಿ ನಡೆಸುವ ಪರದೆ 1986ರ ಬ್ಯೂಕ್ ರಿವಿಯೆರಾ ಕಾರಿನಲ್ಲಿತ್ತು. ಫೋನನ್ನು ಪರದೆಗೆ ಜೋಡಿಸುವ ಕಾರ್‌ಪ್ಲೇ 2014ರಲ್ಲೂ ಆಂಡ್ರಾಯ್ಡ್ ಆಟೊ 2015ರಲ್ಲೂ ಬಳಕೆಗೆ ಬಂದವು.

ಅಳತೆ ಮತ್ತು ಕಪ್ಲರ್: ಸ್ಟೀರಿಯೊ ಕೂರುವ ಜಾಗಕ್ಕೆ ಜರ್ಮನಿಯ ಮಾನಕ ಸಂಸ್ಥೆ ಡಿನ್ ಗೊತ್ತುಮಾಡಿದ್ದ ಅಳತೆ 1984ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಸಿಂಗಲ್ ಡಿನ್ ಎಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ, ಡಬಲ್ ಡಿನ್‌ಗೆ ಎತ್ತರ 100 ಮಿ.ಮೀ. ಟೊಯೊಟಾದ ಹಲವು ಕಾರುಗಳಲ್ಲಿ ಅಗಲ 200 ಮಿ.ಮೀ. ಇರುವುದರಿಂದ ಪಕ್ಕಕ್ಕೆ ಪಟ್ಟಿ ಬೇಕಾಗುತ್ತದೆ. 9 ಇಂಚಿನ ಪರದೆ ಡಬಲ್ ಡಿನ್ ಅಳತೆಗೂ ದೊಡ್ಡದು. ಅದಕ್ಕೆ ಆಯಾ ಕಾರಿನ ಫ್ರೇಮ್ ಬೇರೆಯೇ ಕೊಳ್ಳಬೇಕು.

ಹಿಂದಿನ ತಂತಿಗಳಲ್ಲಿ ಎರಡು ಮುಖ್ಯ. ಹಳದಿ ತಂತಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುತ್ತಿರುತ್ತದೆ, ಇದು ಗಡಿಯಾರ ಮತ್ತು ನೆನಪಿನಲ್ಲಿಟ್ಟ ಸ್ಟೇಷನ್‌ಗಳನ್ನು ಕಾಯುತ್ತದೆ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ. ತಂತಿಗಳನ್ನು ಜೋಡಿಸುವ ಐಎಸ್‌ಒ 10487 ಕಪ್ಲರ್‌ನಲ್ಲಿ ಇವು ಎ ಭಾಗದ 4 ಮತ್ತು 7ನೇ ಪಿನ್ನುಗಳು. ಫೋಕ್ಸ್‌ವ್ಯಾಗನ್‌ನ ಹಲವು ಕಾರುಗಳಲ್ಲಿ ಇವು ಅದಲುಬದಲು. ಅದನ್ನು ಗಮನಿಸದೆ ಜೋಡಿಸಿದರೆ ಕೀಲಿ ತೆಗೆದಾಗಲೆಲ್ಲ ಸೆಟ್ ಎಲ್ಲವನ್ನೂ ಮರೆಯುತ್ತದೆ. ಎರಡೂ ತಂತಿಗಳನ್ನು ಬ್ಯಾಟರಿಗೇ ಕೊಟ್ಟರೆ ಸೆಟ್ ಆರುವುದೇ ಇಲ್ಲ, ಕೆಲವು ದಿನ ನಿಂತ ಕಾರು ಸ್ಟಾರ್ಟ್ ಆಗದೆಯೂ ಹೋಗಬಹುದು. ಮಾರುತಿ, ಹೋಂಡಾ, ಟೊಯೊಟಾಗಳ ಕಪ್ಲರ್‌ಗಳು ಬೇರೆ ಬೇರೆ. ಆಯಾ ಮಾದರಿಯ ಜೋಡಣೆ ಕಪ್ಲರ್ ಕೊಂಡರೆ ಕಂಪನಿಯ ವೈರ್ ಕತ್ತರಿಸಬೇಕಿಲ್ಲ. ವಾರಂಟಿ ಇರುವ ಕಾರಿನಲ್ಲಿ ವೈರ್ ಕತ್ತರಿಸಲು ಬಿಡಲೇಬಾರದು.

ಪರದೆ: ಅಗ್ಗದ ಕೆಲವು ಸೆಟ್‌ಗಳಲ್ಲಿ ಈಗಲೂ ಒತ್ತಿದರೆ ಮಾತ್ರ ಸ್ಪಂದಿಸುವ ರೆಸಿಸ್ಟಿವ್ ಪದರವಿರುತ್ತದೆ. ಬೆರಳು ತಾಗಿದರೆ ಸಾಕೆನ್ನುವ ಕೆಪ್ಯಾಸಿಟಿವ್ ಪರದೆಯೇ ಕಾರಿಗೆ ಸರಿ. ಆಂಡ್ರಾಯ್ಡ್ ಅಲ್ಲದ ಸೆಟ್‌ಗಳಲ್ಲಿ ಕನ್ನಡ ಹಾಡಿನ ಹೆಸರು ಬರೀ ಚೌಕಗಳಾಗಿ ಕಾಣುವುದುಂಟು. ಸೆಟ್ಟಿಂಗ್ಸ್‌ನಲ್ಲಿ ಕಾಣುವ ರ‍್ಯಾಮ್, ಆಂಡ್ರಾಯ್ಡ್ ಆವೃತ್ತಿಗಳ ಸಂಖ್ಯೆಯನ್ನು ತಿದ್ದಿಯೂ ತೋರಿಸಬಹುದಾದ್ದರಿಂದ ಅದೊಂದೇ ಸಾಕ್ಷಿಯಾಗದು.

ಧ್ವನಿ ಮತ್ತು ರೇಡಿಯೊ: ಡಬ್ಬಿಯ ಮೇಲಿನ ‘50 ವ್ಯಾಟ್ × 4’ ಕ್ಷಣಿಕ ಗರಿಷ್ಠ ಮಿತಿ. 14.4 ವೋಲ್ಟ್‌ನಲ್ಲಿ, 4 ಓಮ್ ಸ್ಪೀಕರಿಗೆ, ವಿರೂಪವಿಲ್ಲದೆ ಸಿಗಬಲ್ಲದ್ದು ಲೆಕ್ಕದ ಪ್ರಕಾರವೇ ಸುಮಾರು 26 ವ್ಯಾಟ್. ನಿಜದಲ್ಲಿ 20ರ ಆಸುಪಾಸು. ಸತತವಾಗಿ ಸಿಗುವ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿಯನ್ನೇ ಕೇಳಬೇಕು.

ರೇಡಿಯೊ ವಿಭಾಗದ ಬಗ್ಗೆ ಅಂಗಡಿಯಲ್ಲಿ ವಿಚಾರಿಸುವವರು ಕಡಿಮೆ. ಭಾರತದಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್, ಅಮೆರಿಕದಲ್ಲಿ 10. ಸೆಟ್ ಅಮೆರಿಕದ ವಲಯಕ್ಕೆ ಹೊಂದಿಸಿದ್ದರೆ ಅದು 610ರಿಂದ 620ಕ್ಕೆ ಜಿಗಿಯುತ್ತದೆ. ಬೆಂಗಳೂರು ಆಕಾಶವಾಣಿಯ 612, ಧಾರವಾಡದ 765 ಎರಡೂ ಸರಿಯಾಗಿ ಸಿಗುವುದಿಲ್ಲ. ಅದೇ ಸೆಟ್‌ನಲ್ಲಿ ಎಫ್‌ಎಂನ 101.3 ಸರಿಯಾಗಿಯೇ ಬರುವುದರಿಂದ ತಪ್ಪು ವಲಯದ್ದೆಂದು ಹೊಳೆಯುವುದು ಕಷ್ಟ. ಜಪಾನಿನ ಸೆಕೆಂಡ್‌ಹ್ಯಾಂಡ್ ಸೆಟ್‌ಗಳ ಎಫ್‌ಎಂ 76ರಿಂದ ಶುರುವಾಗಿ ಹಳೆಯವುಗಳಲ್ಲಿ 90ಕ್ಕೇ ಮುಗಿಯುತ್ತದೆ. ಬೆಲೆ ಎಷ್ಟೇ ಇಳಿದರೂ ಇಲ್ಲಿ ಪ್ರಯೋಜನವಿಲ್ಲ.

ಆಯ್ಕೆ: ಹಣ ಮಿತವಾಗಿದ್ದರೆ ಹೆಸರಿಲ್ಲದ 9 ಇಂಚಿನ ಸೆಟ್‌ಗಿಂತ ತಯಾರಕರ ವಾರಂಟಿಯಿರುವ 7 ಇಂಚಿನ ಡಬಲ್ ಡಿನ್ ಸೆಟ್, ಜೊತೆಗೆ ಕಾರಿನದೇ ಕಪ್ಲರ್, ಮೇಲು.