ಬೊಡ್ಡೆ ಇಂಧನ

ನೆಡುತೋಪುಗಳಲ್ಲಿ ಮರ ಕಡಿದ ತರುವಾಯ ನೆಲದಲ್ಲಿ ಉಳಿಯುವ ಬೊಡ್ಡೆಯನ್ನೂ ದಪ್ಪ ಬೇರುಗಳನ್ನೂ ಕಿತ್ತು, ಸೀಳಿ, ಶಾಖ ಹಾಗೂ ವಿದ್ಯುತ್ತಿನ ಉತ್ಪಾದನೆಗಾಗಿ ಉರಿಸುವ ಈ ಪದ್ಧತಿಯು ವ್ಯವಸ್ಥಿತ ಉದ್ಯಮವಾಗಿ ಬೆಳೆದುದು ಮುಖ್ಯವಾಗಿ ಫಿನ್ಲೆಂಡಿನಲ್ಲಿ.

ಬೊಡ್ಡೆಯ ಬೆಲೆ ಆ ನಾಡಿಗೆ ಹೊಸದಾಗಿ ತಿಳಿದುದಲ್ಲ. ರಾಳಸಮೃದ್ಧವಾದ ಪೈನ್ ಮರದ ಕಾಂಡ, ಬೊಡ್ಡೆಗಳನ್ನು ಮಣ್ಣು ಮುಚ್ಚಿದ ಗುಂಡಿಗಳಲ್ಲಿ ಮಂದಾಗ್ನಿಯಿಂದ ಬೇಯಿಸಿ ಇಳಿಸುತ್ತಿದ್ದ ಕೀಲೆಣ್ಣೆಯು 17 ಮತ್ತು 18ನೆಯ ಶತಮಾನಗಳಲ್ಲಿ ಯುರೋಪಿನ ನೌಕೆಗಳ ಹಲಗೆ ಹಗ್ಗಗಳನ್ನು ನೀರಿನಿಂದ ರಕ್ಷಿಸುತ್ತಿದ್ದಿತು. 1970ರ ದಶಕದಲ್ಲಿ ಕಾಗದದ ತಿರುಳಿಗೆ ಮರ ಸಾಲದೇ ಹೋದೀತೆಂಬ ಭೀತಿಯಿಂದ ಫಿನ್ಲೆಂಡ್, ಸ್ವೀಡನ್‌ಗಳೆರಡೂ ಮತ್ತೆ ಬೊಡ್ಡೆಗೆ ಕೈಹಾಕಿದುವಾದರೂ, ಬೇರಿಗಂಟಿದ ಮರಳು ಗಿರಣಿಯ ಅಲಗುಗಳನ್ನು ಮೊಂಡಾಗಿಸಿ, ವೆಚ್ಚವನ್ನೂ ಏರಿಸಿದುದರಿಂದ ಆ ಪ್ರಯತ್ನ ಬಹುಕಾಲ ಬಾಳಲಿಲ್ಲ.

2000ದ ಸುಮಾರಿಗೆ ನವೀಕರಿಸಬಹುದಾದ ಶಕ್ತಿಗೆ ದೊರೆತ ರಾಜಕೀಯ ಪ್ರೋತ್ಸಾಹದಿಂದ ಅದು ಇಂಧನದ ರೂಪದಲ್ಲಿ ಪುನರ್ಜನ್ಮ ಪಡೆಯಿತು. ಸ್ಪ್ರೂಸ್ ಮರದ ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲಿಯೇ ಹರಡಿಕೊಳ್ಳುವುದರಿಂದ ಅಗೆಯುವ ಯಂತ್ರಕ್ಕೆ ಅದು ಸುಲಭವಾಗಿ ವಶವಾಗುವುದು; ಯಂತ್ರವು ಬೊಡ್ಡೆಯನ್ನು ಎತ್ತಿ, ಸೀಳಿ, ಮಣ್ಣುದುರುವಂತೆ ಕೊಡಹಿ ರಾಶಿಹಾಕಿದ ಮೇಲೆ, ಹಲವು ತಿಂಗಳ ಕಾಲ ಗಾಳಿಮಳೆಗಳಿಗೆ ಒಡ್ಡಲ್ಪಟ್ಟು ತೊಳೆದು ಒಣಗಿದ ಸೀಳುಗಳನ್ನು ವಿದ್ಯುದಾಗಾರಕ್ಕೆ ಸಾಗಿಸುವರು. ಕಲ್ಲು ಸೇರಿರುವ ಸಂಭವವಿರುವುದರಿಂದ ಅವನ್ನು ಕತ್ತರಿಸುವುದಕ್ಕಿಂತ ಜಜ್ಜಿ ಪುಡಿಮಾಡುವುದೇ ವಾಡಿಕೆ. ನಮ್ಮ ನೀಲಗಿರಿಯಾದರೋ ಬೊಡ್ಡೆಯಿಂದಲೇ ಮತ್ತೆ ಚಿಗುರುವ ಜಾತಿಯಾದುದರಿಂದ, ತೋಪನ್ನೇ ತೆಗೆಯುವವರೆಗೆ ಅದನ್ನು ಕೀಳುವ ಪ್ರಸಂಗ ಬರುವುದಿಲ್ಲ. ಚಿಗುರದ ಸ್ಪ್ರೂಸಿಗೆ ಅಂಥ ರಕ್ಷೆಯಿಲ್ಲ.

ಆಕ್ಷೇಪಗಳು ಬೇಗನೆ ಎದ್ದುವು. ಕೊಳೆಯುವ ಬೊಡ್ಡೆ ಜೀರುಂಡೆಗಳಿಗೂ ಶಿಲೀಂಧ್ರಗಳಿಗೂ ಆಶ್ರಯ. ಅದನ್ನು ಕೀಳುವುದರಿಂದ ಮಣ್ಣು ಕದಡಿ ಪೋಷಕಾಂಶಗಳು ನಷ್ಟವಾಗುವುವು. ದಶಕಗಟ್ಟಲೆ ಕಾಲದಲ್ಲಿ ಮೆಲ್ಲನೆ ಹೊರಬೀಳಬೇಕಾದ ಇಂಗಾಲವು ಒಲೆಯಲ್ಲಿ ಒಮ್ಮೆಗೇ ಗಾಳಿ ಸೇರುವುದು. ಈ ಕೊನೆಯ ವಾದವೇ, ಪರಿಸರದ ಹೆಸರಿನಲ್ಲಿ ಬೆಳೆದ ಉದ್ಯಮಕ್ಕೆ ಅತ್ಯಂತ ಇರಿಸುಮುರಿಸಿನದು. 2010ರ ದಶಕದಲ್ಲಿ ಫಿನ್ಲೆಂಡಿನಲ್ಲಿಯೂ ಬೊಡ್ಡೆಯ ಬಳಕೆ ಇಳಿಮುಖವಾಯಿತು.

ಒಂದು ಪ್ರಸಂಗವನ್ನು ಮಾತ್ರ ಪ್ರತ್ಯೇಕವಾಗಿ ಎಣಿಸಬೇಕು. ಹೆಟೆರೊಬಸಿಡಿಯನ್ ಎಂಬ ಶಿಲೀಂಧ್ರವು ಹಸಿಬೊಡ್ಡೆಯ ಮೂಲಕ ಪ್ರವೇಶಿಸಿ, ಬೇರಿನಿಂದ ಬೇರಿಗೆ ಹಬ್ಬಿ, ಮುಂದಿನ ಪೀಳಿಗೆಯ ಮರಗಳನ್ನೂ ಕೊಳೆಸುವುದರಿಂದ, ಇಂಗ್ಲೆಂಡಿನ ಥೆಟ್‌ಫರ್ಡ್ ಅರಣ್ಯದಲ್ಲಿ ರೋಗನಿವಾರಣೆಗಾಗಿಯೇ ಪೈನ್ ಬೊಡ್ಡೆಗಳನ್ನು ಕೀಳುವ ಪದ್ಧತಿ ರೂಢಿಗೆ ಬಂದಿತು. ಹೇಗಿದ್ದರೂ ಕೀಳಲೇಬೇಕಾದ ಇಂಥ ರೋಗಗ್ರಸ್ತ ಬೊಡ್ಡೆಯನ್ನು ಉರಿಸುವುದು ಯುಕ್ತ. ಉರಿಸುವುದಕ್ಕೆಂದೇ ಆರೋಗ್ಯವಂತ ನೆಲವನ್ನು ಅಗೆಯುವುದು ಸಮರ್ಥನೀಯವಲ್ಲ.